ಎ ಮಷೀನು ಚೆನ್ನಾಗಿಯೇ ನಡೆಯುತ್ತಿತ್ತು

ಸಭಾಗೃಹದಲ್ಲಿ ಕೂತ ಜನ ಸೌಂಡಿನವನ ಕಡೆ ತಿರುಗಿ ನೋಡುವುದು ಎರಡೇ ಸಂದರ್ಭದಲ್ಲಿ. ಮೈಕು ಕಿರುಚಿದಾಗ, ಇಲ್ಲವೇ ಮೈಕು ಸತ್ತಾಗ. ಹತ್ತು ವರ್ಷಗಳಿಂದ ಕೊನೆಯ ಸಾಲಿನ ಹಿಂದೆ ಮೇಜು ಹಾಕಿಕೊಂಡು ಕೂರುತ್ತಿದ್ದ ಲಕ್ಷ್ಮೀಕಾಂತನಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಬ್ಬರೂ ಹಿಂತಿರುಗಿ ನೋಡದೆ ಕಾರ್ಯಕ್ರಮ ಮುಗಿದರೆ ಆ ದಿನ ಅವನಿಗೆ ಊಟ ರುಚಿಸುತ್ತಿತ್ತು.

ಅವನು ಸಿಂದಗಿ ಕಡೆಯ ಹಳ್ಳಿಯವನು. ತಂದೆ ಬಾಲಪ್ಪ ಠಾಣೆ ಜಿಲ್ಲೆಯ ಶಹಾಡಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಬಂದವನು. ತಾಯಿ ಸಾಬವ್ವನೂ ಹಿಂದಿನಿಂದ ಬಂದಳು. ಮಗ ಮಾತ್ರ ಅಜ್ಜಿಯ ಬಳಿ ಊರಲ್ಲೇ ಉಳಿದು, ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಶಹಾಡಿನ ರೈಲು ಹಿಡಿದ. ಡಿಗ್ರಿಗೆ ತಕ್ಕ ಕೆಲಸ ಹುಡುಕುತ್ತ ಅಲೆದು, ಕೊನೆಗೆ ಮಾಜಿವಾಡಾದಲ್ಲಿ ಪ್ರೇಮನಾಥ ಶೆಟ್ಟರ ಸೌಂಡ್ ಗೋಡೌನಿಗೆ ವಯರು ಸುತ್ತಲು ಸೇರಿದ. ಓದಿದ ಹುಡುಗ, ಪುಸ್ತಕ ನೋಡಿ ಕಲಿಯುತ್ತಾನೆ ಎಂದು ಶೆಟ್ಟರೇ ಅವನನ್ನು ಮೇಜಿನ ಮುಂದೆ ಕೂರಿಸಿದರು.

ಸೇರಿದ ವರ್ಷವೇ ಒಂದು ಘಟನೆ ನಡೆಯಿತು. ಠಾಣೆಯ ಒಂದು ಸಭಾಗೃಹದಲ್ಲಿ ಕನ್ನಡ ಸಂಘದವರ ಸಮಾರಂಭ. ಮೈಕು ಪರೀಕ್ಷಿಸಲು ಲಕ್ಷ್ಮೀಕಾಂತ ವೇದಿಕೆಗೆ ಹೋಗಿ, "ಹಲೋ, ಹಿಂದ ಕುಂತವರಿಗೆ ಕೇಳಾಕತ್ತದೇನ್ರಿ?" ಎಂದ. ಮುಂದಿನ ನಾಲ್ಕು ಸಾಲು ಗೊಳ್ಳೆಂದು ನಕ್ಕಿತು. ಅದು ಕೆಟ್ಟ ನಗುವಲ್ಲ, ಮಗು ತೊದಲಿದಾಗ ನಗುತ್ತಾರಲ್ಲ, ಅಂಥದ್ದು. ಅವನಿಗೆ ಅದೇ ಹೆಚ್ಚು ಚುಚ್ಚಿತು. ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ ಹಿರಿಯರೊಬ್ಬರು, "ಏನಪ್ಪಾ, ಊಟ ಮಾಡಾಕತ್ತೀಯೇನು?" ಎಂದು ಅವನ ಧಾಟಿಯಲ್ಲೇ ಕೇಳಿದರು. ಪಂಕ್ತಿ ಇನ್ನೊಮ್ಮೆ ನಕ್ಕಿತು. ಲಕ್ಷ್ಮೀಕಾಂತನೂ ನಕ್ಕ. ಎಲೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ.

ಅಂದಿನಿಂದ ಅವನು ಕೆಲಸದಲ್ಲಿ ಪುಸ್ತಕದ ಕನ್ನಡ ಆಡತೊಡಗಿದ. "ಕೇಳಿಸುತ್ತಿದೆಯೇ?" "ತಂತಿ ತುಳಿಯಬೇಡಿ." ಕೆಲಸದ ವೇಳೆಯಲ್ಲಿ ತಾಯಿಯ ಫೋನು ಬಂದರೆ, "ಹಾಂ ಬೋಲೋ, ಕಾಮ್ ಪೇ ಹೂಂ" ಎಂದು ಹಿಂದಿಯಲ್ಲಿ ಉತ್ತರಿಸುತ್ತಿದ್ದ. "ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ, ನಾ ನಿಮ್ಮವ್ವ ಅದೀನಿ" ಎಂದು ಸಾಬವ್ವ ಗಾಬರಿಯಾಗುತ್ತಿದ್ದಳು.

ಕೆಲಸ ಮಾತ್ರ ಅಚ್ಚುಕಟ್ಟು. ಈಗಿನ ನೃತ್ಯರೂಪಕಗಳಲ್ಲಿ ಹಾಡು, ಮಾತು, ಗುಡುಗು ಎಲ್ಲವೂ ಮೊದಲೇ ಧ್ವನಿಮುದ್ರಣವಾಗಿರುತ್ತದೆ. ಅದನ್ನು ನುಡಿಸಲು ವೇದಿಕೆಯ ಪಕ್ಕದಲ್ಲಿ ಎರಡು ಲ್ಯಾಪ್‌ಟಾಪು ಇಡುತ್ತಾರೆ. ಒಂದು ಎ, ಒಂದು ಬಿ. ಒಂದೇ ಗುಂಡಿಗೆ ಎರಡೂ ಒಟ್ಟಿಗೆ ಹೊರಡುತ್ತವೆ, ಜೋಡೆತ್ತಿನ ಹಾಗೆ ಹೆಜ್ಜೆಗೆ ಹೆಜ್ಜೆ ನಡೆಯುತ್ತವೆ. ಸಭೆಗೆ ಕೇಳುವುದು ಎ ಮಾತ್ರ. ಎ ನಿಂತಿತೋ, ಹಾಲಿನ ಕೊನೆಯಲ್ಲಿ ಕೂತವನು ತನ್ನ ಕೈಯಲ್ಲಿರುವ ಚಿಕ್ಕ ರಿಮೋಟಿನ ಗುಂಡಿ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಬಿ ಕೇಳತೊಡಗುತ್ತದೆ. ಕುಣಿಯುವವರಿಗೂ ಗೊತ್ತಾಗುವುದಿಲ್ಲ. "ಎ, ಬಿ ಅಂದ್ರೆ ಅವಳಿ ಮಕ್ಕಳು ಮಾರಾಯ" ಎನ್ನುತ್ತಿದ್ದರು ಪ್ರೇಮನಾಥ ಶೆಟ್ಟರು. "ಒಂದಕ್ಕೆ ಅಂಗಿ ಬದಲಿಸಿದ್ರೆ ಇನ್ನೊಂದಕ್ಕೂ ಬದಲಿಸಲೇಬೇಕು."

ಹನ್ನೊಂದು ವರ್ಷ ಕಳೆದ ಮೇಲೆ ನೆರೂಳದ ಒಂದು ಸಂಘ 'ಉಪ್ಪಿನ ರಾಣಿ' ಎಂಬ ರೂಪಕ ಆಡಿಸಲು ಹೊರಟಿತು. ಮೊದಲ ಪ್ರಯೋಗ ನೆರೂಳದಲ್ಲಿ, ಎರಡನೆಯದು ಡೊಂಬಿವಲಿಯಲ್ಲಿ. ನಿರ್ದೇಶನ ಜಯಲತಾ ಮೇಡಂ ಅವರದು. ಬ್ಯಾಂಕಿನಿಂದ ನಿವೃತ್ತರಾದ ಅವರ ಕನ್ನಡವೆಂದರೆ ತೊಳೆದಿಟ್ಟ ತಾಮ್ರದ ಚೊಂಬು. ಸಂಘದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ನಾಲಿಗೆಗೆ ಹತ್ತುವುದು ಹಿಂದಿ. ಹಾಗಾಗಿ ಮಾತುಗಳನ್ನೆಲ್ಲ ಹಿರಿಯರು ಆಡಿ ಮುದ್ರಿಸುವುದು, ಮಕ್ಕಳು ವೇದಿಕೆಯಲ್ಲಿ ತುಟಿ ಆಡಿಸುವುದು ಅಲ್ಲಿ ಬಹಳ ವರ್ಷಗಳ ಪದ್ಧತಿ. ರಾಣಿಯ ಮಾತುಗಳಿಗೆ ಜಯಲತಾ ಅವರದೇ ಧ್ವನಿ.

ರಾಣಿಯಾಗಿ ನಿಂತವಳು ಪೂಜಿತಾ, ಕಾಲೇಜು ಹುಡುಗಿ. ಹುಟ್ಟಿದ್ದು, ಬೆಳೆದದ್ದು ನೆರೂಳದಲ್ಲೇ. ಮನೆಯಲ್ಲಿ ತುಳು, ಹೊರಗೆ ಹಿಂದಿ. ಅವಳು ಒಂದು ಹಟ ಹಿಡಿದಳು. ರಾಣಿ ರಾಜನ ಸಭೆಯಲ್ಲಿ ನಿಂತು ಆಡುವ ಒಂದೂವರೆ ನಿಮಿಷದ ಮಾತು ತನ್ನ ಧ್ವನಿಯಲ್ಲೇ ಇರಬೇಕು.

"ಮೇಡಂ, ಬಾಯಿ ನಂದು, ಆವಾಜ್ ನಿಮ್ದು. ನನ್ ಫ್ರೆಂಡ್ಸ್ ಬಂದ್ರೆ 'ಯೇ ತೋ ಕೋಯೀ ಆಂಟೀ ಬೋಲ್ ರಹೀ ಹೈ' ಅಂತಾರೆ."

"ನೀನು ಮೊದಲು ಕನ್ನಡದಲ್ಲಿ ಒಂದು ಲೋಟ ಚಹಾ ಕೇಳಲು ಕಲಿ. ಆಮೇಲೆ ರಾಣಿಯ ಮಾತು" ಎಂದರು ಜಯಲತಾ.

ಹುಡುಗಿ ಮೂರು ತಿಂಗಳು ಬಿಡಲಿಲ್ಲ. ಕನ್ನಡ ಅಕ್ಷರ ಬಾರದ್ದಕ್ಕೆ ಮಾತನ್ನೆಲ್ಲ ಹಿಂದಿ ಅಕ್ಷರದಲ್ಲಿ ಬರೆದುಕೊಂಡು, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿದಳು. ಕೊನೆಗೆ ಜಯಲತಾ, "ಆಯ್ತು, ಇದೊಂದು ಮಾತು ಮಾತ್ರ" ಎಂದು ಒಪ್ಪಿದರು.

ಮಾಜಿವಾಡಾದ ಗೋಡೌನಿನ ಹಿಂದಿನ ಕೋಣೆಯಲ್ಲಿ ಲಕ್ಷ್ಮೀಕಾಂತ ಅದನ್ನು ಮುದ್ರಿಸಿದ. ಪೂಜಿತಾ ಒಂದು ಕಿವಿಯಲ್ಲಿ ಜಯಲತಾರ ಹಳೆಯ ಧ್ವನಿ ಕೇಳುತ್ತ, ಅವರು ನಿಂತಲ್ಲಿ ನಿಂತು, ಅವರು ಉಸಿರೆಳೆದಲ್ಲಿ ಉಸಿರೆಳೆದು ಹೇಳಿದಳು. ಸಂಗೀತಕ್ಕೂ ಉಳಿದವರ ಹೆಜ್ಜೆಗೂ ಮಾತು ಸರಿಯಾಗಿ ಕೂರಬೇಕಲ್ಲ. ಹನ್ನೊಂದನೆಯ ಸಲಕ್ಕೆ ಸರಿ ಬಂತು. ಸರಿ ಎಂದರೆ ಪೂರ್ತಿ ಸರಿಯಲ್ಲ. 'ಒಂದು' ಎಂಬುದು 'ಓಂದು' ಆಗಿಯೇ ಉಳಿಯಿತು, 'ಎಲ್ಲರ' ಎಂಬುದು 'ಏಲ್ಲರ'.

"ಕಾಂತಣ್ಣ, ಸಚ್ ಬೋಲೋ. ಜನ ನಗ್ತಾರಾ?" ಎಂದು ಕೇಳಿದಳು.

"ಯಾಕೆ ನಗುತ್ತಾರೆ? ಚೆನ್ನಾಗಿದೆ" ಎಂದ.

ಅವಳು ಹೋದ ಮೇಲೆ ಹೊಸ ಮಾತನ್ನು ಎ ಗೆ ಹಾಕಿದ. ಬಿ ಗೆ ಹಾಕಲು ಹೋದಾಗ ಕೈ ನಿಂತಿತು. ಅದರಲ್ಲಿ ಜಯಲತಾರ ಧ್ವನಿ ಇತ್ತು. ಇರಲಿ, ಹೆಚ್ಚುಕಡಿಮೆಯಾದರೆ ಒಂದು ಶುದ್ಧವಾದದ್ದು ಕೈಯಲ್ಲಿರಲಿ ಎಂದುಕೊಂಡ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಯೋಚಿಸಿದ್ದರೆ, ಆ 'ಹೆಚ್ಚುಕಡಿಮೆ' ಎಂಥದ್ದೆಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು.

ನೆರೂಳದ ಪ್ರಯೋಗದ ದಿನ, ಭಾನುವಾರ ಬೆಳಿಗ್ಗೆ, ಶೆಟ್ಟರ ಫೋನು. "ಎರಡಕ್ಕೂ ಹಾಕಿದ್ಯಾ?"

"ಹಾಕಿದ್ದೇನೆ ಶೆಟ್ರೆ."

"ಬದಲಿಸಿ ಕೇಳಿದ್ಯಾ?"

"ಕೇಳಿದ್ದೇನೆ."

ಮೂರು ಗಂಟೆಗೆ ರೂಪಕ ಶುರುವಾಯಿತು. ಹಾಲು ತುಂಬಿತ್ತು. ಪೂಜಿತಾಳ ಗೆಳತಿಯರು ನಡುವಿನ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದು ಕೂತಿದ್ದರು. ಲಕ್ಷ್ಮೀಕಾಂತ ಹೆಡ್‌ಫೋನಿನ ಒಂದು ಕಿವಿಯಲ್ಲಿ ಎ ಕೇಳುತ್ತ, ಇನ್ನೊಂದು ಕಿವಿ ಸಭೆಗೆ ಕೊಟ್ಟು ಕೂತಿದ್ದ. ರಾಜನ ಸಭೆಯ ದೃಶ್ಯ ಬಂತು. ಪೂಜಿತಾ ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದಳು. ಸ್ಪೀಕರಿನಲ್ಲಿ ಅವಳ ಧ್ವನಿ ಬಂತು.

"ಮಹಾರಾಜಾ, ಏಲ್ಲರ ಅನ್ನದಲ್ಲಿಯೂ ನಮ್ಮ ಬೆವರು ಇದೆ."

ಮೂರನೆಯ ಸಾಲಿನಲ್ಲಿ ಯಾರೋ 'ಕಿಸಕ್' ಎಂದರು. ಪಕ್ಕದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡರು. ಗಂಡು ಧ್ವನಿಯೊಂದು "ಏಲ್ಲರ!" ಎಂದು ಮೆಲ್ಲಗೆ ಅಣಕಿಸಿತು. ಮೊದಲ ಸಾಲಿನಲ್ಲಿ ಕೂತಿದ್ದ ಜಯಲತಾ ಆಗ ತಿರುಗಿ ನೋಡಿದರು. ನಕ್ಕವರನ್ನು ನೋಡಿದರೋ, ಸೌಂಡಿನ ಮೇಜನ್ನು ನೋಡಿದರೋ, ಆ ಕತ್ತಲಲ್ಲಿ ಹೇಳುವುದು ಕಷ್ಟ. ಲಕ್ಷ್ಮೀಕಾಂತನಿಗೆ ಆ ನಗು ತನ್ನದೇ ಹೆಸರು ಹಿಡಿದು ಬಂದ ಹಾಗಾಯಿತು.

"ಓಂದು ದಿನ ಉಪ್ಪು ಬಿಟ್ಟು..." ಎನ್ನುತ್ತಿತ್ತು ಪೂಜಿತಾಳ ಧ್ವನಿ.

ಅವನ ಹೆಬ್ಬೆರಳು ಗುಂಡಿ ಒತ್ತಿತು.

"...ಉಣ್ಣಿ, ಆಮೇಲೆ ನಮ್ಮ ಮಾತು ಕೇಳಿ" ಎಂದಿತು ಜಯಲತಾರ ತುಂಬು ಧ್ವನಿ.

ನಗು ನಿಂತಿತು. ವೇದಿಕೆಯ ಮೇಲೆ ಪೂಜಿತಾಳ ತುಟಿಗಳೂ ನಿಂತವು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಒಂದು ಇಡೀ ವಾಕ್ಯ ಅವಳ ಮುಚ್ಚಿದ ಬಾಯಿಯಿಂದ ಬಂದು ಹೋಯಿತು. ಆಮೇಲೆ ಅವಳು ಎಚ್ಚೆತ್ತು, ಇನ್ನೊಬ್ಬರ ಮಾತಿಗೆ ತುಟಿ ಆಡಿಸತೊಡಗಿದಳು.

ಎ ನಿಂತಿರಲಿಲ್ಲ. ಅದು ಓಡುತ್ತಿದೆ ಎಂದು ತೋರಿಸುವ ಹಸಿರು ದೀಪ ಅವನ ಮೇಜಿನ ಮೇಲೆ ಕುಣಿಯುತ್ತಲೇ ಇತ್ತು. ಲಕ್ಷ್ಮೀಕಾಂತನ ಒಂದು ಕಿವಿಯಲ್ಲಿ ಪೂಜಿತಾ ಮಾತು ಮುಂದುವರಿಸಿದ್ದಳು. ಇಡೀ ಹಾಲಿನಲ್ಲಿ ಅವನೊಬ್ಬನೇ ಕೇಳಿಸಿಕೊಂಡ. ಕೊನೆಯ ವಾಕ್ಯವನ್ನು ಅವಳು ಬಹಳ ಚೆನ್ನಾಗಿ ಹೇಳಿದ್ದಳು.

ಪರದೆ ಬಿದ್ದ ಕೂಡಲೇ ಜಯಲತಾ ಹಿಂದಕ್ಕೆ ಬಂದರು. "ಏನಾಯ್ತು ಲಕ್ಷ್ಮೀಕಾಂತ?"

"ಎ ಹ್ಯಾಂಗ್ ಆಯಿತು ಮೇಡಂ. ಬಿ ಗೆ ಬದಲಿಸಿದೆ."

"ಅದರಲ್ಲಿ ನನ್ನ ಧ್ವನಿ ಇತ್ತಾ?"

"ಹಳೆಯದು ಉಳಿದುಬಿಟ್ಟಿತ್ತು."

"ದೇವರು ದೊಡ್ಡವನು" ಎಂದರು ಅವರು, ಮನಸಾರೆ.

ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದನೋ ಏನೋ. ಸಮಾರೋಪದಲ್ಲಿ ಜಯಲತಾ ಮೈಕು ಹಿಡಿದು, ಆಪತ್ತಿನಲ್ಲಿ ರೂಪಕ ಉಳಿಸಿದ ಕಲಾವಿದರೊಬ್ಬರು ಹಾಲಿನ ಹಿಂದೆ ಕೂತಿದ್ದಾರೆ ಎಂದು ಅವನ ಹೆಸರು ಕೂಗಿದರು. ಮುನ್ನೂರು ಜನ ಒಟ್ಟಿಗೆ ತಿರುಗಿ ನೋಡಿದರು. ವೇದಿಕೆಗೆ ಕರೆಸಿ ಶಾಲು ಹೊದಿಸಿದರು. ಪಕ್ಕದಲ್ಲಿ ರಾಣಿಯ ವೇಷದಲ್ಲೇ ನಿಂತಿದ್ದ ಪೂಜಿತಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅವನು ನೆಲ ನೋಡಿಕೊಂಡೇ ಕೈಮುಗಿದ. ವಿನಯವಂತ ಎಂದು ಯಾರೋ ಅಂದರು.

ವಯರು ಸುತ್ತುವಾಗ ಪೂಜಿತಾ ಬಂದಳು. "ಥ್ಯಾಂಕ್ಯೂ ಅಣ್ಣ. ನೀವು ಇರ್ಲಿಲ್ಲಾಂದ್ರೆ ಮಧ್ಯದಲ್ಲಿ ಪೂರಾ ಸೈಲೆನ್ಸ್ ಆಗಿ ನನ್ ಕಥೆ ಮುಗೀತಿತ್ತು. ಸ್ವಲ್ಪ ಆದ್ರೂ ನನ್ ಆವಾಜ್ ಬಂತಲ್ಲ! ಡೊಂಬಿವಲಿಯಲ್ಲಿ ಪೂರಾ ಬಜಾಯೇಂಗೆ, ಹೈ ನಾ?"

"ಹೂಂ" ಎಂದ. ವಯರಿನ ಸುತ್ತು ತಪ್ಪಿ, ಮತ್ತೆ ಮೊದಲಿನಿಂದ ಸುತ್ತಿದ.

ಮನೆಯಲ್ಲಿ ಹೆಂಡತಿ ಮಾಲಾ ಶಾಲು ನೋಡಿ ಹಿಗ್ಗಿದಳು. ಸಾಬವ್ವ ಅದನ್ನು ಹೊದ್ದುಕೊಂಡು ಚಾಳಿನ ಸಾಲುಮನೆಗಳಲ್ಲಿ ಮೂರಕ್ಕೆ ಹೋಗಿ, "ನಮ್ಮ ತಮ್ಮಗ ಹೊಚ್ಚ್ಯಾರ, ದೊಡ್ಡ ದೊಡ್ಡ ಮಂದಿ ಮುಂದ" ಎಂದು ತೋರಿಸಿ ಬಂದಳು. "ಅದನ್ನ ಅತ್ತಾಗ ಇಡಬೇ!" ಎಂದು ಅವನು ಗದರಿದ್ದಕ್ಕೆ ಮುದುಕಿಯ ಮುಖ ಸಪ್ಪಗಾಯಿತು. "ನಿನಗೇನು ಬ್ಯಾನಿ ಬಂದೈತಿ?" ಎಂದಳು ಮಾಲಾ.

ಬುಧವಾರ ಜಯಲತಾ ಫೋನು ಮಾಡಿದರು. "ನೋಡಿ, ಆ ಹುಡುಗಿಯ ರೆಕಾರ್ಡಿಂಗಿನಲ್ಲೇ ಏನೋ ದೋಷ ಉಂಟು. ಡೊಂಬಿವಲಿಗೆ ಅದು ಬೇಡ. ಎರಡರಲ್ಲೂ ನನ್ನದೇ ಹಾಕಿಬಿಡಿ."

"ರೆಕಾರ್ಡಿಂಗಿನಲ್ಲಿ ದೋಷ ಇಲ್ಲ ಮೇಡಂ."

"ಮತ್ತೆ ಹ್ಯಾಂಗ್ ಆದದ್ದು ಯಾಕೆ?"

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಅವಳಿಗೆ ಹೇಳಿದ್ದೇನೆ. ಪಾಪ, ಒಪ್ಪಿಕೊಂಡಳು. ತನ್ನ ಫೈಲೇ ಖರಾಬು ಅಂದಳು."

ಆ ಮಾತು ಅವನನ್ನು ಮೂರು ದಿನ ತಿಂದಿತು. ಒಂದು ಸುಳ್ಳು ಹೇಳಿ ತಾನು ಶಾಲು ಹೊದ್ದ. ಆ ಸುಳ್ಳಿನಿಂದ ಹುಡುಗಿ ಮೂರು ತಿಂಗಳ ಮಾತು ಕಳೆದುಕೊಂಡಳು, ದೋಷವೂ ಅವಳ ತಲೆಗೇ ಬಂತು. ತಾನು ಬಾಯಿ ಬಿಡದಿದ್ದರೆ ಡೊಂಬಿವಲಿಯಲ್ಲಿ ಅವಳ ಧ್ವನಿ ಇರುವುದಿಲ್ಲ.

ಶನಿವಾರ ಸಂಘದ ಕೋಣೆಯಲ್ಲಿ ತಾಲೀಮು ಇತ್ತು. ಡೊಂಬಿವಲಿಯ ಏರ್ಪಾಟು ಮಾತಾಡಲು ಶೆಟ್ಟರೂ ಬಂದಿದ್ದರು. ಲಕ್ಷ್ಮೀಕಾಂತ ಮೇಲೆ ಹೋಗದೆ ಮೆಟ್ಟಿಲ ಬುಡದಲ್ಲಿ ನಿಂತ. ಪೂಜಿತಾ ಕಾಲೇಜಿನ ಚೀಲ ಹಾಕಿಕೊಂಡು ಬಂದಳು.

"ಅರೆ ಕಾಂತಣ್ಣ, ಇಲ್ಯಾಕೆ ನಿಂತಿದೀರಿ?"

"ಪೂಜಿತಾ, ಅವತ್ತು ಎ ನಿಂತಿರಲಿಲ್ಲ."

"ಮತ್ಲಬ್?"

"ಚೆನ್ನಾಗಿಯೇ ನಡೆಯುತ್ತಿತ್ತು. ನಾನೇ ಬದಲಿಸಿದೆ. ಯಾರೋ ನಕ್ಕರು, ಅದಕ್ಕೆ."

ಅವಳು ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಗೋಡೆಗೆ ಕೈ ಕೊಟ್ಟು ನಿಂತಳು. "ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ. ನಿನ್ನ ಮಾತು ಚೆನ್ನಾಗಿತ್ತು. ಕೊನೆಯದಂತೂ..."

"ಫಿರ್ ಕ್ಯೋಂ?"

ಅವನ ಬಳಿ ಇದ್ದ ಉತ್ತರದಲ್ಲಿ ಅವಳು ಇರಲೇ ಇಲ್ಲ. ಹನ್ನೊಂದು ವರ್ಷದ ಹಿಂದೆ ತನಗೆ ಬಿದ್ದ ನಗುವಿನ ಕಥೆ ಹೇಳಿದ. ಹೇಳುತ್ತಿರುವಾಗಲೇ ಅದು ನೆಪದ ಹಾಗೆ ಕೇಳಿಸಿತು.

"ಹಾಗಾದ್ರೆ ನಿಮಗೆ ಗೊತ್ತಿತ್ತು, ಹೇಗೆ ಅನ್ಸುತ್ತೆ ಅಂತ" ಎಂದಳು ಪೂಜಿತಾ. "ಗೊತ್ತಿದ್ದೂ ಮಾಡಿದ್ರಿ."

ಮೇಲೆ ಹೋಗಿ ಅವನು ಜಯಲತಾ, ಶೆಟ್ಟರು ಇಬ್ಬರ ಮುಂದೆಯೂ ನಿಂತು ಅದನ್ನೇ ಹೇಳಿದ. ಬಿ ಗೆ ಹೊಸದು ಹಾಕದೆ ಹಾಕಿದೆ ಎಂದದ್ದು, ಪರೀಕ್ಷಿಸದೆ ಪರೀಕ್ಷಿಸಿದೆ ಎಂದದ್ದು, ಎಲ್ಲ. ಹೇಳುವ ರಭಸದಲ್ಲಿ ಪುಸ್ತಕದ ಕನ್ನಡ ಜಾರಿತು. "ನಂದ ತಪ್ಪೈತ್ರಿ. ಮಷೀನಿಂದು ಅಲ್ರಿ" ಎಂದ. ಯಾರೂ ನಗಲಿಲ್ಲ.

ಜಯಲತಾ ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯೋ, ಇದಕ್ಕೆ ಇಷ್ಟೆಲ್ಲ ಯಾಕೆ? ಜನ ನಗುತ್ತಿದ್ದರು, ನೀವು ಮರ್ಯಾದೆ ಉಳಿಸಿದಿರಿ. ಒಳ್ಳೆಯದೇ ಆಯ್ತಲ್ಲ."

ಬೈಗುಳಕ್ಕೆ ಬೆನ್ನೊಡ್ಡಿ ನಿಂತವನಿಗೆ ಈ ಮೆಚ್ಚುಗೆ ಎರಡನೆಯ ಶಾಲಿನ ಹಾಗೆ ಮೈಮೇಲೆ ಬಿತ್ತು. ಅವನು ಶೆಟ್ಟರ ಮುಖ ನೋಡಿದ. ಅಲ್ಲಿ ಮೆಚ್ಚುಗೆ ಇರಲಿಲ್ಲ.

"ಎ ನಿಂತರೆ ಬಿ" ಎಂದರು ಪ್ರೇಮನಾಥ ಶೆಟ್ಟರು, ಮೆಲ್ಲಗೆ. "ಎ ಚಂದ ಇಲ್ಲದಿದ್ರೆ ಬಿ ಅಂತ ನಿನಗೆ ಯಾರು ಕಲಿಸಿದ್ದು? ಹುಡುಗಿ ಬಾಯಿ ತೆರೆದು ನಿಂತಿದ್ಲು ಮಾರಾಯ. ನೀನು ಅದರೊಳಗೆ ಇನ್ನೊಬ್ಬರ ನಾಲಿಗೆ ಇಟ್ಟೆ."

"ತಪ್ಪಾತ್ರಿ ಶೆಟ್ರೆ."

"ನೀನು ಹೊಸದಾಗಿ ಬಂದಾಗ ನಿನ್ನ ಮಾತಿಗೂ ಜನ ನಕ್ಕಿದ್ರು. ಅವತ್ತು ಮೇಜಲ್ಲಿ ಇದ್ದದ್ದು ನಾನು. ನಿನ್ನ ಮೈಕು ನಾನು ಆಫ್ ಮಾಡಿದ್ನಾ?"

ಲಕ್ಷ್ಮೀಕಾಂತನಿಗೆ ತಲೆ ಎತ್ತಲಾಗಲಿಲ್ಲ. ಆ ದಿನ ನಕ್ಕವರ ಮುಖವೆಲ್ಲ ಅವನಿಗೆ ನೆನಪಿತ್ತು. ಮೇಜಿನಲ್ಲಿ ಕೂತು ಮೈಕು ತೆರೆದಿಟ್ಟವರು ನೆನಪೇ ಇರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಪೂಜಿತಾ ಒಳಗೆ ಬಂದಳು. "ಮೇಡಂ, ಡೊಂಬಿವಲಿಗೆ ಎರಡ್ರಲ್ಲೂ ನಂದೇ ಹಾಕ್ಸಿ."

"ನಗ್ತಾರೆ ಮಗಾ."

"ನಗ್ಲಿ. ಅವತ್ತು ಎಷ್ಟು ನಕ್ರು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಗೊತ್ತಾಗೋಕೆ ಇವ್ರು ಬಿಡ್ಲೇ ಇಲ್ಲ." ಅವಳು ಲಕ್ಷ್ಮೀಕಾಂತನ ಕಡೆ ಬೆರಳು ಮಾಡಿದಳೇ ಹೊರತು ಅವನನ್ನು ನೋಡಲಿಲ್ಲ.

ಜಯಲತಾ ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ, "ನಿನ್ನಿಷ್ಟ. ಆಮೇಲೆ ನನ್ನ ಹತ್ರ ಅಳ್ಬೇಡ" ಎಂದರು.

ಡೊಂಬಿವಲಿಯಲ್ಲಿ ರಿಮೋಟು ಹಿಡಿದು ಹಿಂದೆ ಕೂತವರು ಶೆಟ್ಟರು. ಲಕ್ಷ್ಮೀಕಾಂತನನ್ನು ವೇದಿಕೆಯ ಪಕ್ಕ ಎರಡು ಲ್ಯಾಪ್‌ಟಾಪುಗಳ ಕಾವಲಿಗೆ ಕೂರಿಸಿದರು. ಎಷ್ಟು ದಿನಕ್ಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಬೆಳಿಗ್ಗೆಯೇ ಎರಡಕ್ಕೂ ಪೂಜಿತಾಳ ಧ್ವನಿ ಹಾಕಿ, ಎ ಯಿಂದ ಬಿ ಗೆ, ಬಿ ಯಿಂದ ಎ ಗೆ ನಾಲ್ಕು ಸಲ ಬದಲಿಸಿ ಶೆಟ್ಟರಿಗೆ ಕೇಳಿಸಿದ್ದ. ಎಲ್ಲಿ ಬದಲಾಯಿತು ಎಂದು ಶೆಟ್ಟರಿಗೂ ಗೊತ್ತಾಗಲಿಲ್ಲ.

ಸಭೆಯ ದೃಶ್ಯ ಬಂತು. ಹಿಂದಿನಿಂದ ಕಾಣದ ಪೂಜಿತಾಳ ಮುಖ ಇಲ್ಲಿಂದ ಕಾಣುತ್ತಿತ್ತು. "ಮಹಾರಾಜಾ, ಏಲ್ಲರ ಅನ್ನದಲ್ಲಿಯೂ..." ಎಂಬಲ್ಲಿ ಹಾಲಿನ ಎಡಗಡೆಯಿಂದ ನಗು ಬಂತು. ನೆರೂಳದಲ್ಲಿ ಬಂದದ್ದಕ್ಕಿಂತ ಜೋರಾಗಿಯೇ ಬಂತು. ಪೂಜಿತಾಳ ಕಣ್ಣಲ್ಲಿ ನೀರು ನಿಂತದ್ದು ದೀಪದ ಬೆಳಕಿಗೆ ಹೊಳೆಯಿತು. ತುಟಿ ನಿಲ್ಲಲಿಲ್ಲ. "ಓಂದು ದಿನ ಉಪ್ಪು ಬಿಟ್ಟು ಉಣ್ಣಿ" ಎನ್ನುವಷ್ಟರಲ್ಲಿ ನಗು ಸೊರಗಿ, ಯಾರೋ ಕೆಮ್ಮಿ, ಮತ್ತೆ ಮೌನವಾಯಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ನೆರೂಳದಲ್ಲೂ ಅಷ್ಟೇ ಇರುತ್ತಿತ್ತೇನೋ. ಆ ಒಂದು ಉಸಿರು ಕಾಯುವುದು ತನ್ನಿಂದ ಆಗಲಿಲ್ಲವಲ್ಲ ಎಂದು ಲಕ್ಷ್ಮೀಕಾಂತ ಎರಡು ಹಸಿರು ದೀಪಗಳನ್ನೇ ನೋಡುತ್ತ ಕೂತ.

ದೃಶ್ಯ ಮುಗಿದು ಚಪ್ಪಾಳೆ ಬಿತ್ತು. ಎಲ್ಲ ದೃಶ್ಯಕ್ಕೂ ಬೀಳುವಷ್ಟೇ. ಪೂಜಿತಾ ಓಡುತ್ತ ಪಕ್ಕಕ್ಕೆ ಬಂದಳು. ಮುಂದಿನ ದೃಶ್ಯಕ್ಕೆ ವೇಷ ಬದಲಿಸಬೇಕಿತ್ತು, ಇಕ್ಕಟ್ಟಾದ ದಾರಿಯಲ್ಲಿ ಅವನ ಕುರ್ಚಿ ಅಡ್ಡವಿತ್ತು. ಚೆನ್ನಾಗಿ ಬಂತು ಎಂದು ಹೇಳಲು ಅವನು ಬಾಯಿ ತೆರೆದ.

"ಸ್ವಲ್ಪ ಜಾಗ ಬಿಡಿ" ಎಂದಳು. ಅಣ್ಣ ಎನ್ನಲಿಲ್ಲ.

ಅವನು ಕುರ್ಚಿ ಎತ್ತಿ ಗೋಡೆಗೆ ಒತ್ತಿಕೊಂಡು ನಿಂತು, ದಾರಿ ಬಿಟ್ಟ.